ಗಂಧದ ಹಾರ

"ಎಲ್ಲಾರೂ ಒಂದ ಸಲಕ್ಕ ಹೋದ್ರೇನ ತಂಗಿ? ಬಸ್ಸೇನರ ಪಲ್ಟಿ ಆಗಿತ್ತೇನ?" ಎಂದು ಕಳಕಪ್ಪ ದನಿ ತಗ್ಗಿಸಿ ಕೇಳಿದ.

ಗೋಡೆಗೆ ಮೊಳೆ ಹೊಡೆಯುತ್ತಿದ್ದ ಆಸಿಫಾಗೆ ಅವನ ಮಾತು ತಲೆಗೆ ಹೋಗಲಿಲ್ಲ. ಗಜೇಂದ್ರಗಡದ ನೇಕಾರರ ಸಂಘದ ಹಳೇ ಗೋದಾಮಿನಲ್ಲಿ ಅವಳ ಮೊದಲ ಫೋಟೋ ಪ್ರದರ್ಶನ ಶುರುವಾಗಲು ಇನ್ನು ಅರ್ಧ ತಾಸಷ್ಟೇ ಉಳಿದಿತ್ತು. ಕಟ್ಟು ಹಾಕಿದ ಫೋಟೋಗಳನ್ನು ಕಳಕಪ್ಪ ರೋಣದ ತನ್ನ ಅಂಗಡಿಯಿಂದ ಬಸ್ಸಿನಲ್ಲಿ, ತೊಡೆಯ ಮೇಲೇ ಇಟ್ಟುಕೊಂಡು ತಂದಿದ್ದ. ಪಾಪ, ಮುಖವನ್ನೂ ಸಣ್ಣದು ಮಾಡಿಕೊಂಡೇ ಬಂದಿದ್ದ. ಆಸಿಫಾ ಮೇಲಿನ ಫೋಟೋಕ್ಕೆ ಸುತ್ತಿದ್ದ ಪೇಪರು ಹರಿದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳು ನೆಲಕ್ಕೆ ಉದುರಿದವು.

ಒಳಗೆ ನೇಕಾರರ ಓಣಿಯ ಸಕ್ರವ್ವ ಬಾಯಿತುಂಬ ನಗುತ್ತಿದ್ದಳು. ಅವಳ ಫೋಟೋಕ್ಕೆ ಗಂಧದ ಹಾರ ಬಿದ್ದಿತ್ತು. ಗಾಜಿನ ಮೇಲೆ, ಸರಿಯಾಗಿ ಹಣೆಯ ಜಾಗಕ್ಕೆ, ವಿಭೂತಿ ಬಳಿದಿತ್ತು. ಎರಡನೆಯದು ಬಿಚ್ಚಿದರೆ ಮಾಳಪ್ಪ, ಅವನಿಗೂ ಹಾರ. ಮೂರನೆಯದು ಫಕೀರವ್ವ, ಅವಳಿಗೂ ಹಾರ. ಮೌಲಾಸಾಬನೊಬ್ಬ ಬರಿಗೊರಳಲ್ಲಿ ಪಾರಾಗಿದ್ದ.

"ನಿಮ್ಮವರಿಗೆ ಹಾರ ನಡಿಯಂಗಿಲ್ಲಲ್ಲ, ಅದಕ್ಕ ಬಿಟ್ಟೇನಿ. ಅಷ್ಟೂ ತಿಳಿಯಂಗಿಲ್ಲೇನ ನಮಗ?" ಎಂದ ಕಳಕಪ್ಪ.

"ಕಾಕಾ, ಇವರೆಲ್ಲಾ ಜೀವಂತ ಅದಾರ್ರೀ!"

ಹಾಗೆಂದು ಅವನನ್ನು ಬೈಯುವಂತೆಯೂ ಇರಲಿಲ್ಲ. ಆಸಿಫಾ ಮದುವೆ ಮನೆಗಳಲ್ಲಿ ಹೆಣ್ಣುಮಕ್ಕಳ ಫೋಟೋ ತೆಗೆಯುವವಳು. ಕೈ ಬಿಗಿ ಹಿಡಿಯಬೇಕೆಂದು ಗದಗಿನಲ್ಲಿ ಮದುವೆ ಆಲ್ಬಮ್ಮಿನ ಉದ್ದನೆ ಹಾಳೆಯ ಮೇಲೆ ಸಾಲಾಗಿ ಮೂರು ಮೂರು ಮುಖ ಪ್ರಿಂಟು ಹಾಕಿಸಿ, ಅಡಿಗೆಮನೆಯ ನೆಲದ ಮೇಲೆ ಕೂತು ತಾನೇ ಕತ್ತರಿಸಿದ್ದಳು. ಕಟ್ಟಿಗಾಗಿ ಕಳಕಪ್ಪನ ಅಂಗಡಿಯಲ್ಲಿ ಉಳಿದುಬಿದ್ದ ಪಟ್ಟಿಗಳನ್ನೇ ಆರಿಸಿದ್ದಳು. ಅಷ್ಟು ದೊಡ್ಡ ಅಳತೆಯಲ್ಲಿ ವಯಸ್ಸಾದವರ ಮುಖ, ಅದೂ "ಲಗೂ ಬೇಕ್ರಿ" ಎಂಬ ಗಡಿಬಿಡಿಯಲ್ಲಿ, ಅವನ ಅಂಗಡಿಗೆ ಬರುವುದು ಒಂದೇ ಕಾರಣಕ್ಕೆ. ಮೇಲೆ ಈ ಹುಡುಗಿಯ ಚೌಕಾಸಿ ಬೇರೆ. ಇಷ್ಟು ಜನ ಸತ್ತ ಓಣಿಯೊಂದಿಗೆ ಎಂಥ ವ್ಯಾಪಾರವೆಂದು ಅವನ ಕರುಳು ಚುರುಕ್ಕೆಂದು, ಹಾರಗಳನ್ನು ತನ್ನ ಕಡೆಯಿಂದಲೇ ಹಾಕಿಬಿಟ್ಟಿದ್ದ. ಬಸ್ಸಿನ ಕುಲುಕಾಟಕ್ಕೆ ಜಾರದಿರಲಿ ಎಂದು ಸಣ್ಣ ಮೊಳೆಯನ್ನೂ ಜಡಿದಿದ್ದ.

ಕಳಕಪ್ಪ ನಾಚಿಕೊಂಡು ಚೀಲದಿಂದ ಇಕ್ಕಳ ತೆಗೆದ. ಆಸಿಫಾ ಓಢಣಿಯಿಂದ ವಿಭೂತಿ ಒರೆಸತೊಡಗಿದಳು. ಉಳಿದವರು ಬೈದರೆ ಬೈಯಲಿ, ಅವಳು ಹೆದರಿದ್ದು ಸಕ್ರವ್ವನಿಗೆ. ಗಂಡ ತೀರಿದ ಮೇಲೆ ಆ ಮುದುಕಿ ಕ್ಯಾಮರಾ ಕಂಡರೆ ಸೆರಗು ಎಳೆದುಕೊಳ್ಳುತ್ತಿದ್ದಳು. "ಫೋಟೋ ತಗಿಸಿದ್ರ ಗ್ವಾಡಿ ಏರೂದ ಬಾಕಿ" ಅನ್ನುತ್ತಿದ್ದಳು. ತಿಂಗಳುಗಟ್ಟಲೆ ಅವಳ ಮಗ್ಗದ ಪಕ್ಕ ಚಹಾ ಕುಡಿದು, ನೂಲು ಹಿಡಿದು, ಬೈಸಿಕೊಂಡು ಪಡೆದ ನಗು ಅದು. ಓಣಿಯಲ್ಲಿ ಅವಳ ಮಾತೇ ಮಾತು. ಅವಳು ಮುನಿದರೆ ಯಾವ ಮನೆಯ ಮಗ್ಗದ ಹತ್ತಿರವೂ ಆಸಿಫಾ ಇನ್ನು ಸುಳಿಯುವಂತಿಲ್ಲ.

"ಎಲ್ಲೈತಿ ನಂದು?"

ಬಾಗಿಲಲ್ಲಿ ಸಕ್ರವ್ವ. ತಾನೇ ನೇಯ್ದ ಹೊಸ ಸೀರೆ ಉಟ್ಟು, ಎಲ್ಲರಿಗಿಂತ ಮೊದಲೇ ಬಂದುಬಿಟ್ಟಿದ್ದಳು. ಆಸಿಫಾ ಫೋಟೋಕ್ಕೆ ಅಡ್ಡ ನಿಂತಳು. ಸಕ್ರವ್ವ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಕಳಕಪ್ಪ ಫೋಟೋ ನೋಡಿದ, ಮುದುಕಿಯನ್ನು ನೋಡಿದ, ಇಕ್ಕಳ ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದ.

"ಯಾವಾಗ ಸತ್ನೇ ನಾನು?"

"ಆಯೀ, ತಪ್ಪಾಗೈತಿ..." ಆಸಿಫಾಗೆ ಅಳುವೇ ಬಂತು. "ಈಗ ತಗೀತೇವಿ ಆಯಿ, ಈಗಿಂದೀಗ ತಗೀತೇವಿ."

ಸಕ್ರವ್ವ ತಡೆ ಎಂದು ಕೈ ಮಾಡಿದಳು. ಫೋಟೋದ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿಕೊಂಡು, ತನ್ನ ನಗುವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಕಳಕಪ್ಪನ ಕಡೆ ತಿರುಗಿದಳು.

"ಹಾರ ಹಾಕಿದಾಂವ ನೀನೇನು? ಸತ್ತವರು ಹಿಂಗ ನಗ್ತಾರೇನಪಾ?"

"ಇಲ್ಲಬೇ ಯವ್ವಾ. ನನ್ನ ಕಡೆ ಬರೂವೆಲ್ಲಾ ಆಧಾರ್ ಕಾರ್ಡಿನ ಫೋಟೋ ದೊಡ್ಡವು ಮಾಡಿಸಿದ್ವು. ನಗೂದು ಬಂದಿದ್ದು ಇದ ಮೊದಲು. ಮೊಳಿ ಹೊಡಿಬೇಕಾದ್ರ ಖರೇನ ನನ್ನ ಕೈ ತಡೀತು."

"ನಮ್ಮ ಮನಿಯವರದೂ ಅದ ಐತಿ" ಎಂದಳು ಸಕ್ರವ್ವ, ದನಿ ಇಳಿಸಿ. "ಫೋಟೋ ತಗಿಯಾಂವ ಅಳ್ಳಾಡಬ್ಯಾಡ ಅಂತ ಜಬರಿಸಿದ್ನಂತ. ಹೋಗಿ ಭಾಳ ವರ್ಷಾತು, ಇನ್ನೂ ಅಳ್ಳಾಡದಂಗ ಗ್ವಾಡಿ ಮ್ಯಾಲಿಂದ ನನ್ನ ನೋಡ್ತಾರ. ಎಂಥಾ ನಗೂ ಮನಶ್ಯಾ ಇದ್ರು ಅವರು!"

ಹೊರಗೆ ಓಣಿಯ ಹೆಂಗಸರ ಗಲಾಟೆ ಹತ್ತಿರವಾಗುತ್ತಿತ್ತು. ಸಕ್ರವ್ವ ಕಳಕಪ್ಪನ ಕೈಯಿಂದ ಇಕ್ಕಳ ಕಸಿದುಕೊಂಡು, ಮೊಳೆ ಕಿತ್ತು, ಹಾರ ಬಿಡಿಸಿದಳು. ಒಮ್ಮೆ ಮೂಸಿ ನೋಡಿದಳು. ಅದನ್ನು ಸುತ್ತಿ ಕೈಚೀಲದೊಳಗೆ ಹಾಕಿಕೊಂಡಳು.

"ಚಲೋ ಗಂಧ ಐತಿ. ಇದನ್ನ ನಮ್ಮ ಮನಿಯವರಿಗೆ ಒಯ್ತೀನಿ."

ಆಸಿಫಾ ಕಣ್ಣೊರೆಸಿಕೊಂಡಳು. "ಫೋಟೋನೂ ನಿಂದ ಆಯಿ. ಪ್ರದರ್ಶನ ಮುಗದ ಕೂಡ್ಲೆ ಮನಿಗೆ ತಂದುಕೊಡ್ಲಿ?"

"ಅದು ನಿನ್ನ ಕಡೇನ ಇರಲಿ" ಎಂದಳು ಸಕ್ರವ್ವ, ಫೋಟೋದಲ್ಲಿದ್ದ ಹಾಗೆಯೇ ನಗುತ್ತ. "ಗ್ವಾಡಿ ಏರಾಕ ಗಡಿಬಿಡಿ ಏನಿಲ್ಲ."