ಬೋರಯ್ಯನ ಲಾಗಿನ್

ಬೋರಯ್ಯನ ಲಾಗಿನ್ ನಿಜವಾಗಿಯೂ ಅಳಿಸಬೇಕೆ ಎಂದು ಸರ್ವರ್ ಕೇಳುತ್ತಿತ್ತು. ಚಾಮರಾಜನಗರದ ಅರಿಸಿನ ಸಂಘದ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಅನೀಸಾ 'ಯೆಸ್' ಎಂದು ಹೊಡೆದರೆ ಮುಗಿಯುತ್ತಿತ್ತು. ತೂಕದ ಗುಮಾಸ್ತ ಬೋರಯ್ಯ ಸತ್ತು ಎಂಟು ತಿಂಗಳಾದರೂ ಗುಂಡ್ಲುಪೇಟೆ ಶಾಖೆಯಲ್ಲಿ ಅವನ ಹೆಸರಲ್ಲಿ ಯಾರೋ ದಿನವೂ ಮೂಟೆಗಳ ತೂಕ ದಾಖಲಿಸುತ್ತಿದ್ದರು. ಅವಳು ಶಾಖೆಗೆ ಫೋನ್ ಮಾಡಿದಳು.

"ನಾನೇ ಕಣಿ ಮೇಡಂ," ಎಂದಳು ಬೋರಯ್ಯನ ಹೆಂಡತಿ ಚಾಮುಂಡಿ. ಅನುಕಂಪದ ನೌಕರಿ ಸಿಕ್ಕಿ ಆರು ತಿಂಗಳ ಹಿಂದೆ ಅವನ ಕುರ್ಚಿಗೇ ಬಂದವಳು. "ಗಂಡನ ಸೀಟು, ಗಂಡನ ಪಾಸ್‌ವರ್ಡೇ ಸಾಕು ಅಂದ್ಬುಟ್ರು ಇಲ್ಲಿ."

ಅನೀಸಾಳಿಗೆ ಸಿಟ್ಟು ನೆತ್ತಿಗೇರಿತು. ಚಾಮುಂಡಿ ಒಂದು ಮೂಟೆಯನ್ನೂ ದಾಖಲಿಸಿಲ್ಲ, ಕೆಲಸದಿಂದ ತೆಗೆಯಿರಿ ಎಂದು ಅದೇ ಶಾಖೆಯವರು ಕಳಿಸಿದ ವರದಿ ಎದುರಿಗೇ ಬಿದ್ದಿತ್ತು. ಅವಳು ಬೋರಯ್ಯನ ಲಾಗಿನ್‌ನ ಆರು ತಿಂಗಳ ಪಟ್ಟಿ ತೆಗೆದು, 'ಇದೆಲ್ಲ ಚಾಮುಂಡಿಯ ಕೆಲಸ' ಎಂದು ಬರೆದು ಸಹಿ ಹಾಕಿ, ವರದಿಗೆ ಲಗತ್ತಿಸಿದಳು. ಆಮೇಲೆ ಹಿಡಿದೇ ಇದ್ದ ಫೋನಿನಲ್ಲಿ ಮೆತ್ತಗೆ, "ಅವರ ಹೆಸರು ಅಳಿಸಲ್ಲ ಅಕ್ಕಾ, ನೆನಪಿಗೆ ಇರಲಿ," ಎಂದಳು.

"ಯಾಕಿರ್ಬೇಕು? ಸತ್ತೋನು ದುಡೀತಾವ್ನೆ, ಬದುಕಿರೋಳು ಸೋಮಾರಿ ಅಂತ ಬರ್ದವ್ರೆ. ಅಳ್ಸಾಕ್ಬುಡಿ. ನನ್ನೆಸ್ರು ಆಕಿ."

ಅನೀಸಾ 'ಯೆಸ್' ಹೊಡೆದಳು. ಅದೇ ಪರದೆಯಲ್ಲಿ ಚಾಮುಂಡಿಯ ಹೆಸರಿಗೆ ಹೊಸ ಲಾಗಿನ್ ಮಾಡಿದಳು. "ಪಾಸ್‌ವರ್ಡ್ ನೀವೇ ಇಟ್ಕೊಳ್ಳಿ. ಯಾರಿಗೂ ಹೇಳ್ಬೇಡಿ, ನನಗೂ."

ಆ ಕಡೆಯಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಕೇಳತೊಡಗಿತು.