ಇಪ್ಪತ್ತು ಬೇಸಿಗೆಯ ಡಬ್ಬಿ

ದಸ್ತಗೀರ್ ಸಾಬರು ತಂಬಾಕಿನ ಡಬ್ಬಿಯನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ತಂದು ಶಿವರಾಮಯ್ಯ ಮೇಷ್ಟರ ಮುಂದಿಟ್ಟರು. "ತಗೊಳ್ಳಿ ಮೇಷ್ಟ್ರೇ, ನೀವು ನಂಬಿ ಇಟ್ಟಿದ್ದ ಅಮಾನತ್ತು. ಇವತ್ತಿಗೆ ಸರಿಯಾಗಿ ಇಪ್ಪತ್ತೊರ್ಷ. ಹೆಂಗೆ ಕೊಟ್ಟಿದ್ರೋ ಹಂಗೇ ಇದೆ!"

ಗುಬ್ಬಿಯಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದ ಮೇಷ್ಟರು ಡಬ್ಬಿಯನ್ನು ಮೆಲ್ಲನೆ ಸವರಿದರು. ಹಡಗಿನಲ್ಲಿ ಕೆಲಸಕ್ಕಿದ್ದ ಹಳೇ ಶಿಷ್ಯನೊಬ್ಬ ಹಾಲೆಂಡಿನಿಂದ ತಂದುಕೊಟ್ಟಿದ್ದ ಪೈಪ್ ತಂಬಾಕು ಅದು. ಮನೆಯಲ್ಲಿ ಇಡುವ ಹಾಗಿರಲಿಲ್ಲ. ಹೆಂಡತಿ ಸುಬ್ಬಲಕ್ಷ್ಮಮ್ಮನ ಕೈಗೆ ಸಿಕ್ಕಿದ್ದರೆ ಅವತ್ತೇ ತಿಪ್ಪೆ ಸೇರುತ್ತಿತ್ತು. ಅದಕ್ಕೇ ಮುಚ್ಚಳದ ಸುತ್ತ ಮೇಣ ಹಾಕಿ, ಇಪ್ಪತ್ತು ವರ್ಷದ ಮೇಲೆ ತೆಗೆಯುವ ತಾರೀಖಿನ ಚೀಟಿ ಅಂಟಿಸಿ, ಮರಳೂರಿನ ಈ ಗೆಳೆಯನ ಮನೆಗೆ ತಂದು, "ಜೋಪಾನ" ಎಂದು ಒಂದೇ ಮಾತು ಹೇಳಿ ಹೋಗಿದ್ದರು.

"ಇದ್ರ ಗುಟ್ಟು ಗೊತ್ತೇನಮ್ಮ?" ಎಂದು ಮೇಷ್ಟರು ಈಗ, ಚಹಾದ ತಟ್ಟೆ ಹಿಡಿದು ಬಂದ ಸಾಬರ ಹೆಂಡತಿ ರಹಿಮಾ ಬೀಯನ್ನು ಕೇಳಿದರು. "ಗಾಳಿ ಆಡ್ದಂಗೆ ಮುಚ್ಚಿಟ್ರೆ ವರ್ಷಾನುಗಟ್ಲೆ ಒಳಗೊಳಗೇ ಮಾಗ್ತಾ ಹೋಗುತ್ತೆ. ಹಳೇದಾದಷ್ಟೂ ರುಚಿ. ಮಧ್ಯ ಒಂದೇ ಒಂದ್ಸಲ ಮುಚ್ಚಳ ತೆಗೆದ್ರೋ, ಮುಗೀತು ಕಥೆ. ಒಣಗಿ ಹೊಟ್ಟಾಗುತ್ತೆ."

ತಟ್ಟೆಯಲ್ಲಿದ್ದ ಲೋಟಗಳು ಟಣಟಣ ಅಂದವು. ಯಾ ಅಲ್ಲಾ, ಒಂದ್ಸಲವಾ? ಇಪ್ಪತ್ತು ಸಲ! ಪ್ರತಿ ಏಪ್ರಿಲ್‌ನಲ್ಲಿ ಹುಣಸೆಹಣ್ಣು, ಮೆಣಸಿನಕಾಯಿ ತಾರಸಿಗೆ ಹೋಗುವಾಗ ಆ ಡಬ್ಬಿಯೂ ಜೊತೆಗೆ ಹೋಗುತ್ತಿತ್ತು. ರಹಿಮಾ ಬೀ ತಂಬಾಕನ್ನು ಹಳೇ ಸೀರೆಯ ಮೇಲೆ ತೆಳ್ಳಗೆ ಹರಡಿ, ಎರಡು ದಿನ ಸುಡು ಬಿಸಿಲು ಕಾಣಿಸಿ, ಮತ್ತೆ ತುಂಬಿ, ಮೇಣದಬತ್ತಿ ಕರಗಿಸಿ ಮುಚ್ಚಳದ ಸುತ್ತ ಸುರಿಯುತ್ತಿದ್ದರು. ತಮ್ಮ ಮನೆಯ ಬೇಳೆಗೆ ಹುಳ ಬಿದ್ದರೆ ಬೀಳಲಿ, ಇನ್ನೊಬ್ಬರು ನಂಬಿ ಇಟ್ಟ ವಸ್ತುವಿಗೆ ಬೀಳಬಾರದು ಅನ್ನುವುದು ಅವರ ನೇಮ. ಗಂಡ ಟ್ರಂಕಿನ ಅಂಗಡಿಗೆ ಹೋದ ಮೇಲೆ ನಡೆಯುವ ಕೆಲಸವಾದ್ದರಿಂದ ಸಾಬರಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಇಪ್ಪತ್ತು ವರ್ಷ ಕಾಪಾಡಿದೆ ಎಂದುಕೊಂಡಿದ್ದನ್ನು ತಾನೇ ಕೈಯಾರೆ ಹಾಳು ಮಾಡಿದೆನಲ್ಲ! ನಂಬಿದವರ ಮುಂದೆ ಇನ್ನು ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

"ಗಾಳಿನಾ? ನಮ್ಮನೇಲಿ ಅದ್ರ ಹತ್ರ ಸೊಳ್ಳೆನೂ ಸುಳಿದಿಲ್ಲ," ಎಂದು ಸಾಬರು ಗಡ್ಡ ನೀವಿಕೊಂಡರು. "ಏನೇ, ಹೇಳೇ!"

ರಹಿಮಾ ಬೀ ಗೋಣು ಆಡಿಸಿದರು. ಹೌದೆಂದೋ ಇಲ್ಲವೆಂದೋ ಅವರಿಗೇ ತಿಳಿಯಲಿಲ್ಲ.

ಮೇಷ್ಟರು ಚಾಕು ತಗೊಂಡು ಮೇಣ ಕೆರೆಯತೊಡಗಿದರು. ಕೆರೆದಷ್ಟೂ ಮೇಣ. "ಏನ್ ಸಾಬ್ರೇ ಇದು? ನಾನು ಹಾಕಿದ್ದು ದಾರದಷ್ಟು. ಇದು ಹೆಬ್ಬೆರಳು ದಪ್ಪ ಆಗಿದೆಯಲ್ಲ!"

"ಇಪ್ಪತ್ತೊರ್ಷ ಅಂದ್ರೆ ಸುಮ್ನೇನಾ ಮೇಷ್ಟ್ರೇ? ನಾವೂ ದಪ್ಪ ಆಗಿಲ್ವಾ?"

ಅಂತೂ ಮುಚ್ಚಳ ಬಂತು. ಮೇಷ್ಟರು ಕಣ್ಣು ಮುಚ್ಚಿ ಮೂಸಿದರು, ಹುಬ್ಬು ಗಂಟಿಕ್ಕಿದರು, ಒಳಗೆ ಎರಡು ಬೆರಳು ಹಾಕಿದರು. ತಂಬಾಕಿನ ಜೊತೆ ಒಣಗಿದ ಬೇವಿನ ಎಲೆಯೊಂದು ಮೇಲೆ ಬಂತು. ಮೂವರೂ ಅದನ್ನೇ ನೋಡಿದರು.

"ಅದು ಕಂಪ್ನಿಯವ್ರೇ ಹಾಕಿರ್ತಾರೆ," ಸಾಬರು ಸೋಲುವವರಲ್ಲ. "ಫಾರಿನ್ ಮಾಲು ಅಂದ್ರೆ ಹಂಗೇ."

"ಹಾಲೆಂಡಲ್ಲಿ ಬೇವಿನ ಮರ ಯಾವನು ನೆಟ್ಟ ಸಾಬ್ರೇ?"

ರಹಿಮಾ ಬೀ ತಟ್ಟೆಯನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. "ನಾನೇ ಹಾಕಿದ್ದು ಅಣ್ಣಾ. ಹುಳ ಬೀಳ್ಬಾರ್ದು ಅಂತ. ವರ್ಷಾ ವರ್ಷಾ ತೆಗೆದು ಬಿಸಿಲಿಗೂ ಹಾಕ್ತಿದ್ದೆ. ಇವ್ರಿಗೆ ಏನೂ ಗೊತ್ತಿಲ್ಲ, ಬೈಯೋದಾದ್ರೆ ನಂಗೇ ಬೈರಿ."

"ಅಯ್ಯೋ ನಿನ್ನ!" ಸಾಬರು ಹಣೆ ಚಚ್ಚಿಕೊಂಡರು. "ನನ್ನ ಮಾನ ಮೂರುಕಾಸು ಮಾಡ್ಬಿಟ್ಯಲ್ಲೇ!"

ಮೇಷ್ಟರು ನಿಧಾನವಾಗಿ ಜೇಬಿನಿಂದ ಪೈಪ್ ತೆಗೆದು, ತುಂಬಿ ಕಡ್ಡಿ ಗೀರಿದರು. ತಂಬಾಕು ಚಟಪಟ ಎಂದು ಹತ್ತಿಕೊಂಡಿತು. ಒಂದೇ ಒಂದು ಸಲ ಎಳೆದರು ನೋಡಿ, ಇಪ್ಪತ್ತು ವರ್ಷದ ಮೆಣಸಿನಕಾಯಿ ಘಾಟೆಲ್ಲ ಒಟ್ಟಿಗೆ ನೆತ್ತಿಗೇರಿತು. ಮುಖ ಕೆಂಪಾಗಿ, ಕಣ್ಣು ಮೂಗಿನಲ್ಲಿ ನೀರು ಸುರಿದು, ಕೆಮ್ಮಿ ಕೆಮ್ಮಿ ಸೋಫಾದ ಮೇಲೆ ಮುದುಡಿಕೊಂಡರು. ಸಾಬರು ಬೆನ್ನು ಗುದ್ದಿದರು. ರಹಿಮಾ ಬೀ ನೀರು ತರಲು ಓಡಿದರು.

"ಹೆಂಗಿದೆ ಮೇಷ್ಟ್ರೇ?" ಕೆಮ್ಮು ಇಳಿದ ಮೇಲೆ ಸಾಬರು ಅಂಜುತ್ತಾ ಕೇಳಿದರು.

ಮೇಷ್ಟರು ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡರು. "ಹುಳ ಮಾತ್ರ ಒಂದೂ ಬಿದ್ದಿಲ್ಲ."

ಸಾಬರು ನಗಬೇಕೋ ಬೇಡವೋ ಗೊತ್ತಾಗದೆ ಹೆಂಡತಿಯ ಮುಖ ನೋಡಿದರು. ಮೇಷ್ಟರು ಪೈಪ್ ಆರಿಸಿ, ಮುಚ್ಚಳ ಒತ್ತಿ ಮುಚ್ಚಿ, ಡಬ್ಬಿಯನ್ನು ರಹಿಮಾ ಬೀಯ ಕಡೆಗೆ ಚಾಚಿದರು. "ತಗೊಳ್ಳಮ್ಮ. ಇದು ಇಲ್ಲೇ ಇರ್ಲಿ."

"ಹಾಳಾಗೋಗಿದೆಯಲ್ಲ ಅಣ್ಣಾ, ಇನ್ನೂ ನನ್ ಕೈಗೇ ಕೊಡ್ತೀರಾ?"

"ಮತ್ತಿನ್ಯಾರ ಕೈಗೆ ಕೊಡ್ಲಿ? ಇಪ್ಪತ್ತೊರ್ಷ, ಒಂದೊರ್ಷನೂ ಮರೀದೆ ಆಚೆ ತಂದು ಬಿಸಿಲು ಕಾಣ್ಸಿದೀಯ," ಎಂದರು ಮೇಷ್ಟರು. "ರಿಟೈರ್ ಆದಾಗಿಂದ ನಮ್ಮನೇಲಿ ನನ್ನನ್ನೇ ಯಾರೂ ಹಂಗೆ ನೋಡ್ಕೊಂಡಿಲ್ಲ."