ಹೊಗೆಯಿಲ್ಲದ ಒಲೆ

ಕುರಿಹಟ್ಟಿಗಳಲ್ಲಿ ಹೇಳುವುದುಂಟು: ಒಂದು ಬೇಸಿಗೆಯಲ್ಲಿ ದೊಡ್ಡ ಕೆರೆಯ ನೀರು ಹಿಂದೆ ಸರಿದು ಮೇವು ಚಿಗುರಿದಾಗ, ಕುರಿಗಾರ ಗಂಡಹೆಂಡಿರು ಅದರ ದಡದಲ್ಲಿ ಬಿಡಾರ ಹೂಡಿದರು. ಸಂಜೆಯಾದೊಡನೆ ಆಚೆ ದಡದಲ್ಲೂ ಒಂದು ಒಲೆ ಉರಿಯುತ್ತಿತ್ತು. ಗಂಡನ ಕಣ್ಣು ಅಲ್ಲಿಂದ ಕದಲುತ್ತಿರಲಿಲ್ಲ.

“ಏನ್ ಹಂಗ್ ನೋಡ್ತೀಯ? ಅಲ್ಲಿರೋಳು ನಿಮ್ಮತ್ತೆ ಮಗಳೇನು?”

“ಯಾರೋ ಏನೋ. ಒಲೆ ಹಚ್ಚಿದ್ರೆ ಹಂಗ್ ಹಚ್ಚಬೇಕು ನೋಡು. ಒಂದೆಳೆ ಹೊಗೆ ಇಲ್ಲ.”

ಹೊಗೆಗೆ ಕೆಂಪಾಗಿದ್ದ ಅವಳ ಕಣ್ಣು ಇನ್ನಷ್ಟು ಕೆಂಪಾಯಿತು. ಮರುದಿನದಿಂದ ಪುಳ್ಳೆಯನ್ನು ಬಿಸಿಲಿಗೆ ಹರವಿ ಒಣಗಿಸಿದಳು. ಒಲೆ ಹೊಗೆಯುವುದನ್ನು ಬಿಡಲಿಲ್ಲ, ಗಂಡ ಆಚೆ ನೋಡುವುದನ್ನು ಬಿಡಲಿಲ್ಲ. ಕಡೆಗೊಂದು ಮಧ್ಯಾಹ್ನ ಒಲೆಗೆ ನೀರು ಸುರಿದು, “ಇವತ್ತು ಉಪಾಸ ಬಿದ್ದಿರು” ಎಂದಳು. ಗಂಡ ಹುಟ್ಟಿದಾರಭ್ಯ ಒಲೆ ಊದಿದವನಲ್ಲ. ಆ ಮಾಯಗಾತಿಯ ಜಡೆ ಹಿಡಿದೇ ಕೇಳುವೆನೆಂದು ಅವಳು ಕೆರೆಯ ಏರಿಯ ಮೇಲೆ ಹೊರಟಳು.

ಆಚೆ ದಡ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಬಿಡಾರದಲ್ಲಿ ಒಬ್ಬ ಗಂಡಸು ತಣ್ಣಗಾದ ಒಲೆಯ ಮುಂದೆ ಕುಳಿತಿದ್ದ.

“ನಾನು ಆ ದಡದೋಳು. ಎಲ್ಲಣ್ಣ ನಿನ್ ಹೆಂಡ್ತಿ?”

“ನಿಮ್ ಕಡೀಗೇ ಹೋದ್ಲು ತಂಗಿ, ಹಿನ್ನೀರು ಬಳಸ್ಕೊಂಡು. ನಾನು ದಿನಾ ನಿಮ್ ಒಲೆ ಹೊಗೇನೇ ನೋಡ್ತಾ ಕೂತಿರ್ತೀನಂತೆ. ಹಚ್ಚಿದೋಳ ಜಡೆ ಕಿತ್ಕೊಂಡ್ ಬರ್ತೀನಿ ಅಂದ್ಲು.”

ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು. ನಗುತ್ತಲೇ ಹಿಂದಿರುಗಿ ನೋಡಿದಳು.

ನೀರಿನಾಚೆ, ತನ್ನ ಬಿಡಾರದ ಮುಂದೆ, ತಾನು ನೀರು ಸುರಿದು ಬಂದ ಒಲೆ ಧಗಧಗನೆ ಉರಿಯುತ್ತಿತ್ತು, ಒಂದೆಳೆ ಹೊಗೆಯಿಲ್ಲದೆ.